ತುರ್ತಿನಲ್ಲಿ ಟ್ಯೂಬ್ ಹಾಕುವ ತರಬೇತಿ: ತಾಲ್ಲೂಕು ಆಸ್ಪತ್ರೆಯ ತಂಡಕ್ಕೆ ಅರ್ಧ ದಿನದಲ್ಲಿ ಏನು ಕಲಿಸೋಣ?

ಕ್ಯಾಶುಯಾಲ್ಟಿ_ಸೋಮವಾರಪೇಟೆ
ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯುವ ಮೊದಲು ನಮ್ಮ ತಂಡಕ್ಕೆ ಇಂಟ್ಯುಬೇಶನ್ (ಬಾಯಿಯ ಮೂಲಕ ಶ್ವಾಸನಾಳಕ್ಕೆ ಉಸಿರಿನ ಟ್ಯೂಬ್ ಹಾಕುವುದು) ತರಬೇತಿ ಇಡಬೇಕೆಂದಿದ್ದೇವೆ. ಸಿಗುವುದು ನಾಲ್ಕು ಗಂಟೆ. ಇಬ್ಬರು ಡ್ಯೂಟಿ ಡಾಕ್ಟರು, ಆರು ಜನ ಸಿಸ್ಟರ್‌ಗಳು, ಇಬ್ಬರು ಗ್ರೂಪ್ ಡಿ, ಒಬ್ಬ ಆಂಬುಲೆನ್ಸ್ ಟೆಕ್ನಿಷಿಯನ್ ಬರುತ್ತಾರೆ. ತಲೆ ಮತ್ತು ಕುತ್ತಿಗೆ ಇರುವ ಹಳೆಯ ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಒಂದಿದೆ. ಸರದಿಯಲ್ಲಿ ಎಲ್ಲರೂ ಹತ್ತು ಹತ್ತು ಸಲ ಟ್ಯೂಬ್ ಹಾಕಲಿ ಎಂದು ಮೊದಲು ಯೋಚಿಸಿದ್ದೆವು. ಇದು ಸರಿಯಾದ ದಾರಿಯೇ? ಇಲ್ಲಿಗೆ ಬರುವ ಕೇಸುಗಳು ನಿಮಗೆಲ್ಲ ಗೊತ್ತಿರುವವೇ: ಕೀಟನಾಶಕ ಕುಡಿದವರು, ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು, ಹಾವು ಕಚ್ಚಿದವರು, ಹೆಜ್ಜೇನು ಕಡಿದವರು, ಆನೆ ತುಳಿತ, ಪಾರ್ಶ್ವವಾಯು.

ಅರಿವಳಿಕೆ_ಮಡಿಕೇರಿ
ಸರದಿಯಲ್ಲಿ ಹತ್ತು ಸಲ ಹಾಕಿಸುವುದನ್ನು ದಯವಿಟ್ಟು ಬಿಡಿ. ಆಪರೇಷನ್ ಥಿಯೇಟರಿನ ಸಿದ್ಧ ರೋಗಿಗಳಲ್ಲೇ ನೂರಕ್ಕೆ ತೊಂಬತ್ತು ಸಲ ಗುರಿ ತಪ್ಪದೆ ಹಾಕುವ ಮಟ್ಟಕ್ಕೆ ಬರಲು ಐವತ್ತಕ್ಕೂ ಹೆಚ್ಚು ಇಂಟ್ಯುಬೇಶನ್ ಬೇಕಾಗುತ್ತದೆ. ಮ್ಯಾನಿಕಿನ್ ಮೇಲೆ ಹತ್ತು ಸಲ ಹಾಕಿದರೆ ಬರುವುದು ಕೈಚಳಕವಲ್ಲ, ತನಗೆ ಬರುತ್ತದೆ ಎಂಬ ನಂಬಿಕೆ ಮಾತ್ರ. ರಾತ್ರಿ ಎರಡು ಗಂಟೆಗೆ ಆ ನಂಬಿಕೆಯೇ ಅಪಾಯ ತರುತ್ತದೆ.

ರೋಗಿ ಸಾಯುವುದು ಟ್ಯೂಬ್ ಹೋಗದಿದ್ದಕ್ಕಲ್ಲ. ಆಕ್ಸಿಜನ್ ಸಿಗದೆ, ಅಥವಾ ಬಿಪಿ ಕುಸಿದು. 2021ರಲ್ಲಿ ಪ್ರಕಟವಾದ ಇಂಟ್ಯೂಬ್ ಅಧ್ಯಯನ 29 ದೇಶಗಳ 2,964 ತೀವ್ರ ಅಸ್ವಸ್ಥರನ್ನು ಗಮನಿಸಿತು. ಟ್ಯೂಬ್ ಹಾಕುವ ಹೊತ್ತಿನಲ್ಲಿ ಶೇ 45ಕ್ಕೂ ಹೆಚ್ಚು ಮಂದಿಗೆ ಏನಾದರೊಂದು ದೊಡ್ಡ ತೊಂದರೆಯಾಯಿತು. ಬಿಪಿ ಕುಸಿತ ಮತ್ತು ರಕ್ತಪರಿಚಲನೆಯ ತೊಂದರೆ ಶೇ 42.6, ತೀವ್ರ ಆಮ್ಲಜನಕ ಕೊರತೆ ಶೇ 9.3, ಹೃದಯಸ್ತಂಭನ ಶೇ 3.1. ಕುಶಲ ಕೈಗಳಿರುವ ಐಸಿಯುಗಳ ಲೆಕ್ಕವೂ ಇದರಲ್ಲಿ ಸೇರಿದೆ.

ಹಾಗಾಗಿ ಮೊದಲ ಒಂದೂವರೆ ಗಂಟೆ ಲ್ಯಾರಿಂಗೋಸ್ಕೋಪ್ (ಗಂಟಲೊಳಗೆ ನೋಡುತ್ತ ಟ್ಯೂಬ್ ಹಾಕುವ ಸ್ಕೋಪ್) ಮುಟ್ಟಲೇಬೇಡಿ. ಆ ಹೊತ್ತು ಮಾಸ್ಕ್‌ಗೆ ಕೊಡಿ. ರೋಗಿಯ ತಲೆಯ ಕಡೆ 20ರಿಂದ 30 ಡಿಗ್ರಿ ಎತ್ತಿ. ಕಿವಿಯ ರಂಧ್ರ ಮತ್ತು ಎದೆಮೂಳೆಯ ಮೇಲಿನ ಗುಳಿ ಒಂದೇ ಮಟ್ಟಕ್ಕೆ ಬರುವಂತೆ ತಲೆಯಡಿ ಮಡಿಸಿದ ಕಂಬಳಿ ಇಡಿ. ಒಂದು ಸಾಲದಿದ್ದರೆ ಎರಡು, ದಪ್ಪ ಮೈಯವರಿಗೆ ಭುಜದ ಕೆಳಗೂ ಒಂದು. ಸಂದಿಯಿಲ್ಲದೆ ಕೂತ ಮಾಸ್ಕ್‌ನಲ್ಲಿ ಕನಿಷ್ಠ ಮೂರು ನಿಮಿಷ ಆಕ್ಸಿಜನ್ ಹೋಗಬೇಕು. ಮೂಗಿಗೆ ಬೇರೆ ನೇಸಲ್ ಪ್ರಾಂಗ್ ಹಾಕಿ, ಮಂಪರಿನ ಮತ್ತು ಸ್ನಾಯು ಸಡಿಲಿಸುವ ಔಷಧ ಕೊಟ್ಟ ಕೂಡಲೇ ಪ್ರಾಂಗ್‌ನ ಆಕ್ಸಿಜನ್ನನ್ನು ನಿಮಿಷಕ್ಕೆ 15 ಲೀಟರಿಗೆ ಏರಿಸಿ, ಟ್ಯೂಬ್ ಹೋಗುವವರೆಗೆ ತೆಗೆಯಬೇಡಿ. ಬೈಪ್ಯಾಪ್ ಇದ್ದರೆ ಇನ್ನೂ ಒಳ್ಳೆಯದು. 2024ರ ಪ್ರಿಯಾಕ್ಸಿ ಪ್ರಯೋಗದಲ್ಲಿ ಸಾಮಾನ್ಯ ಮಾಸ್ಕ್‌ನಿಂದ ಆಕ್ಸಿಜನ್ ಪಡೆದವರಲ್ಲಿ ಶೇ 18.5 ಮಂದಿಯ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) 85ಕ್ಕಿಂತ ಕೆಳಗಿಳಿಯಿತು. ಬೈಪ್ಯಾಪ್‌ನಂಥ ಒತ್ತಡದ ಮಾಸ್ಕ್ ಹಾಕಿಸಿಕೊಂಡವರಲ್ಲಿ ಶೇ 9.1 ಮಾತ್ರ.

ಔಷಧ ಕೊಟ್ಟ ಮೇಲೆ ಸ್ಕೋಪ್ ಹಾಕುವವರೆಗಿನ ಒಂದು ನಿಮಿಷ ಆಂಬು ಬ್ಯಾಗ್ (ಕೈಯಿಂದ ಹಿಂಡಿ ಉಸಿರು ಕೊಡುವ ಚೀಲ) ಒತ್ತಲೇಬಾರದು ಎಂದು ಹಳೆಯ ಪಾಠ ಹೇಳುತ್ತಿತ್ತು. 2019ರ ಪ್ರಿವೆಂಟ್ ಪ್ರಯೋಗದ ಬಳಿಕ ಅದು ಬದಲಾಗಿದೆ: ಮೆಲ್ಲಗೆ ಬ್ಯಾಗ್ ಒತ್ತಿದ ಗುಂಪಿನಲ್ಲಿ ತೀವ್ರ ಕೊರತೆ ಶೇ 10.9, ಒತ್ತದ ಗುಂಪಿನಲ್ಲಿ 22.8. ಎದೆ ಏಳುವುದು ಕಂಡರೆ ಸಾಕು, ಒಂದೊಂದು ಒತ್ತಿಗೂ ಒಂದು ಸೆಕೆಂಡು. ಜೋರಾಗಿ ಹಿಂಡಿದರೆ ಗಾಳಿ ಹೊಟ್ಟೆಗೆ ಹೋಗುತ್ತದೆ, ಹಿಂದೆಯೇ ವಾಂತಿ ಬರುತ್ತದೆ.

ಉಪಕರಣ_ಕುಶಾಲನಗರ
ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ತರಬೇತಿಯ ದಿನ ಎಲ್ಲರ ಕೈಗೂ ಆಂಬು ಬ್ಯಾಗ್ ಕೊಟ್ಟು ಬಿಚ್ಚಿಸಿ, ಜೋಡಿಸಿಸಿ. ತೊಳೆದು ಒಣಗಿಸಿದ ಬ್ಯಾಗ್‌ಗಳಲ್ಲಿ ಕಾಣುವ ತಪ್ಪುಗಳು ಮೂರೇ. ಬಾತುಕೋಳಿ ಕೊಕ್ಕಿನ ಆಕಾರದ ರಬ್ಬರ್ ವಾಲ್ವ್ ತಿರುಗುಮುರುಗು ಕೂತಿರುತ್ತದೆ, ಅಥವಾ ಅಂಟಿಕೊಂಡಿರುತ್ತದೆ, ಅಥವಾ ಹಿಂದಿನ ಆಕ್ಸಿಜನ್ ಚೀಲವೇ ಕಳೆದುಹೋಗಿರುತ್ತದೆ. ಆ ಚೀಲವಿಲ್ಲದ ಬ್ಯಾಗ್‌ಗೆ 15 ಲೀಟರ್ ಬಿಟ್ಟರೂ ರೋಗಿಗೆ ಸೇರುವುದು ಹೆಚ್ಚುಕಡಿಮೆ ಅರ್ಧ ಆಕ್ಸಿಜನ್, ಉಳಿದದ್ದು ಕೋಣೆಯ ಗಾಳಿ. ಪರೀಕ್ಷೆ ಹತ್ತು ಸೆಕೆಂಡಿನದು. ರೋಗಿಯ ಕಡೆಯ ಬಾಯನ್ನು ಅಂಗೈಯಿಂದ ಮುಚ್ಚಿ ಬ್ಯಾಗ್ ಹಿಂಡಿ. ಗಟ್ಟಿಯಾಗಿ ನಿಂತರೆ ಸರಿ, ಸಲೀಸಾಗಿ ಕುಗ್ಗಿದರೆ ಎಲ್ಲೋ ಸೋರುತ್ತಿದೆ. ಮಕ್ಕಳ ಬ್ಯಾಗ್‌ನಲ್ಲಿ ಒತ್ತಡ ಬಿಡುವ ವಾಲ್ವ್ ಇರುತ್ತದೆ, ಅದನ್ನು ಬೆರಳಿಂದ ಅದುಮಿ ಹಿಡಿದು ನೋಡಬೇಕು.

ನಮ್ಮ ಜಿಲ್ಲೆಯ ಮಳೆಗಾಲದ ತೇವವನ್ನು ಮರೆಯಬೇಡಿ. ಲ್ಯಾರಿಂಗೋಸ್ಕೋಪ್ ಹಿಡಿಕೆಯೊಳಗೆ ಸೆಲ್ ಬಿಟ್ಟಿದ್ದರೆ ಸ್ಪ್ರಿಂಗ್ ಹಸಿರು ಹಿಡಿಯುತ್ತದೆ. ಬಲ್ಬ್ ಒಮ್ಮೆ ಹೊತ್ತಿ, ಬಾಯೊಳಗೆ ಹೋದ ಮೇಲೆ ಮಿಣುಕಿ ಆರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಬಿಚ್ಚಿ ಒರೆಸಿ. ಹಾಕುವ ಮುನ್ನ ಒಂದು ನಿಮಿಷ ಪೂರ್ತಿ ಉರಿಸಿ, ಬ್ಲೇಡ್ ಅಲ್ಲಾಡಿಸಿ ನೋಡಿ. ವಿಡಿಯೋ ಸ್ಕೋಪ್ ಇರುವವರು ಔಷಧ ಎಳೆದುಕೊಳ್ಳುವಾಗಲೇ ಆನ್ ಮಾಡಿಡಿ. ಚಳಿಯಲ್ಲಿ ತಣ್ಣಗಿದ್ದ ಕ್ಯಾಮೆರಾಕ್ಕೆ ಬಾಯಿಯ ಬಿಸಿ ಗಾಳಿ ತಾಗಿದರೆ ಪರದೆ ಪೂರಾ ಮಂಜು. ಇನ್ನು ಕರೆಂಟ್ ಹೋಗುವುದಂತೂ ಇದ್ದೇ ಇದೆ: ಕಾಲಿನಿಂದ ತುಳಿಯುವ ಸಕ್ಷನ್ ಮೂಲೆಯಲ್ಲಿದ್ದರೆ ಈಗಲೇ ಹೊರತೆಗೆದು, ಒಂದು ಲೋಟ ನೀರು ಎಷ್ಟು ಹೊತ್ತಿಗೆ ಎಳೆಯುತ್ತದೆ ನೋಡಿ. ಕರೆಂಟಿನ ಆಕ್ಸಿಜನ್ ಕಾನ್ಸಂಟ್ರೇಟರ್ ನಂಬಿ ಟ್ಯೂಬ್ ಹಾಕಲು ಹೊರಡಬೇಡಿ. ಸಿಲಿಂಡರ್ ಪಕ್ಕದಲ್ಲಿರಲಿ, ಕೀಲಿ ಅದಕ್ಕೇ ಕಟ್ಟಿರಲಿ.

ಕ್ಯಾಶುಯಾಲ್ಟಿ_ಸೋಮವಾರಪೇಟೆ
ತುಂಬ ಉಪಯೋಗವಾಯಿತು. ವಿಡಿಯೋ ಸ್ಕೋಪ್ ಮುಖ್ಯವೇ, ಕ್ಯಾಪ್ನೋಗ್ರಾಫ್ (ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಲೆಯಾಗಿ ತೋರಿಸುವ ಯಂತ್ರ) ಮುಖ್ಯವೇ? ಎರಡರಲ್ಲಿ ಒಂದನ್ನೇ ಬೇಡಿಕೆ ಪಟ್ಟಿಯಲ್ಲಿ ಮೊದಲು ಹಾಕಬಹುದು.

ಐಸಿಯು_ಮೈಸೂರು
ಕ್ಯಾಪ್ನೋಗ್ರಾಫ್. ಇದರಲ್ಲಿ ಎರಡನೇ ಯೋಚನೆ ಬೇಡ.

ವಿಡಿಯೋ ಸ್ಕೋಪ್ ಒಳ್ಳೆಯ ಸಾಧನವೇ. 2023ರ ಡಿವೈಸ್ ಪ್ರಯೋಗದಲ್ಲಿ ಮೊದಲ ಯತ್ನದಲ್ಲೇ ಟ್ಯೂಬ್ ಹೋದದ್ದು ವಿಡಿಯೋದಲ್ಲಿ ಶೇ 85.1, ನೇರ ಸ್ಕೋಪ್‌ನಲ್ಲಿ ಶೇ 70.8. ಆದರೆ ಟ್ಯೂಬ್ ಅನ್ನನಾಳಕ್ಕೆ ಹೋದದ್ದು ತಿಳಿಯದೆ ಹೋದರೆ ಯಾವ ಸ್ಕೋಪೂ ಕಾಯುವುದಿಲ್ಲ. ಬ್ರಿಟನ್ನಿನ ನಾಲ್ಕನೇ ರಾಷ್ಟ್ರೀಯ ಆಡಿಟ್ 2011ರಲ್ಲಿ ಹೇಳಿದ್ದು ಇದನ್ನೇ: ಐಸಿಯುಗಳಲ್ಲಿ ಶ್ವಾಸಮಾರ್ಗದ ಅವಘಡದಿಂದ ಆದ ಸಾವು ಮತ್ತು ಮೆದುಳಿನ ಹಾನಿಗಳಲ್ಲಿ ಶೇ 70ಕ್ಕೂ ಹೆಚ್ಚಿನವುಗಳಿಗೆ ಕ್ಯಾಪ್ನೋಗ್ರಫಿ ಬಳಸದಿದ್ದದ್ದು, ಅಥವಾ ಅದನ್ನು ಸರಿಯಾಗಿ ಓದದಿದ್ದದ್ದು ಕಾರಣದಲ್ಲಿ ಪಾಲು ಪಡೆದಿತ್ತು.

ಸ್ಟೆತಸ್ಕೋಪ್‌ನಲ್ಲಿ ಶಬ್ದ ಕೇಳಿತು, ಟ್ಯೂಬ್‌ನಲ್ಲಿ ಹಬೆ ಕಂಡಿತು, ಎದೆ ಎದ್ದಿತು: ಈ ಮೂರೂ ಅನ್ನನಾಳದಲ್ಲಿ ಟ್ಯೂಬ್ ಇದ್ದಾಗಲೂ ಆಗುತ್ತವೆ. ಹೊಟ್ಟೆಗೆ ಹೋದ ಗಾಳಿ ತೆಳ್ಳಗಿನವರ ಎದೆಯ ಕೆಳಭಾಗವನ್ನೂ ಏಳಿಸುತ್ತದೆ. ತಜ್ಞರ ಈಗಿನ ಒಮ್ಮತ ಹೀಗಿದೆ: ಅಲೆ ಉಸಿರು ಬಿಡುವಾಗ ಏರಿ ಎಳೆಯುವಾಗ ಇಳಿಯಬೇಕು, ಅದರ ಎತ್ತರ ಮೂಲಮಟ್ಟಕ್ಕಿಂತ 7.5 ಮಿ.ಮೀ. ಪಾದರಸಕ್ಕಿಂತ ಹೆಚ್ಚಿರಬೇಕು, ಕನಿಷ್ಠ ಏಳು ಉಸಿರುಗಳವರೆಗೆ ಕುಗ್ಗದೆ ಉಳಿಯಬೇಕು. ಮೊದಲ ಎರಡು ಮೂರು ಉಸಿರಿಗೆ ಕಂಡು ಆಮೇಲೆ ಕರಗಿದರೆ ಅದು ಬ್ಯಾಗ್‌ನಿಂದ ಹೊಟ್ಟೆಗೆ ಹೋಗಿದ್ದ ಗಾಳಿ. ಹೃದಯ ನಿಂತು ನಾವು ಎದೆ ಒತ್ತುತ್ತಿರುವ ರೋಗಿಯಲ್ಲೂ ಗಿಡ್ಡ ಅಲೆ ಇದ್ದೇ ಇರುತ್ತದೆ. ಹೃದಯ ನಿಂತಿದೆ, ಅದಕ್ಕೇ ಅಲೆ ಇಲ್ಲ ಎಂದು ಸಮಾಧಾನ ಮಾಡಿಕೊಳ್ಳಬಾರದು. ಅಲೆ ಇಲ್ಲವೆಂದರೆ ಟ್ಯೂಬ್ ಒಳಗಿಲ್ಲ. ತೆಗೆಯಿರಿ, ಮಾಸ್ಕ್ ಹಿಡಿಯಿರಿ.

ಯಂತ್ರ ಬರುವವರೆಗೆ ಬಣ್ಣ ಬದಲಾಗುವ ಡಿಟೆಕ್ಟರ್ ತರಿಸಿ. ನೇರಳೆಯಿಂದ ಹಳದಿಗೆ ತಿರುಗಿ, ಆರು ಉಸಿರಿನ ಬಳಿಕವೂ ಉಸಿರಿಗೊಮ್ಮೆ ತಿರುಗುತ್ತಲೇ ಇರಬೇಕು. ಹಳದಿಯಾಗಿ ಹಾಗೇ ನಿಂತುಬಿಟ್ಟರೆ ಹೊಟ್ಟೆಯ ಆಮ್ಲ ತಾಗಿದೆ ಎಂದರ್ಥ, ನಂಬಬೇಡಿ. ತೇವ ತಗುಲಿದ್ದೂ ಕೆಡುತ್ತದೆ, ಮೊದಲೇ ಪ್ಯಾಕೆಟ್ ಹರಿದಿಡಬೇಡಿ.

ಸಿಸ್ಟರ್_ವಿರಾಜಪೇಟೆ
ಯಂತ್ರದ ಮಾತೆಲ್ಲ ಸರಿ. ಅಲೆ ಇಲ್ಲ ಅಂತ ಮೊದಲು ಕಾಣುವುದು ಮಾನಿಟರ್ ಪಕ್ಕ ನಿಂತ ಸಿಸ್ಟರ್‌ಗೆ. ಸ್ಕೋಪ್ ಹಿಡಿದ ಡಾಕ್ಟರ ಕಣ್ಣು ಬಾಯೊಳಗೆ ಇರುತ್ತದೆ. ಅವಳು ಏನು ಹೇಳಬೇಕು, ಯಾವ ಮಾತಲ್ಲಿ ಹೇಳಬೇಕು ಎಂಬುದೇ ತರಬೇತಿಯ ಹೃದಯ ಎಂದು ನನ್ನ ಅನಿಸಿಕೆ. ಇಂಗ್ಲೆಂಡಿನಲ್ಲಿ 2005ರಲ್ಲಿ ಸಣ್ಣ ಶಸ್ತ್ರಚಿಕಿತ್ಸೆಗೆ ಬಂದ ಮಹಿಳೆಯೊಬ್ಬರು ತೀರಿಕೊಂಡ ಪ್ರಕರಣವನ್ನು ಈಗ ಜಗತ್ತಿನಾದ್ಯಂತ ಪಾಠವಾಗಿ ಹೇಳಿಕೊಡುತ್ತಾರೆ. ಅನುಭವಿ ವೈದ್ಯರು ಟ್ಯೂಬ್ ಯತ್ನವನ್ನೇ ಮುಂದುವರಿಸುತ್ತಿದ್ದರು. ಕುತ್ತಿಗೆಯಲ್ಲಿ ದಾರಿ ಮಾಡುವ ಸಾಮಾನನ್ನು ನರ್ಸ್ ತಂದಿಟ್ಟಿದ್ದರು. ಸಾಮಾನಿತ್ತು, ತಿಳಿವಳಿಕೆಯೂ ಇತ್ತು, ಮಾತು ತಲುಪಲಿಲ್ಲ.

‘ಸರ್, ಸ್ವಲ್ಪ ಸ್ಯಾಚುರೇಶನ್ ಕಮ್ಮಿ ಆಗ್ತಾ ಇದೆ ಅನ್ಸುತ್ತೆ’ ಎಂಬ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಸಂಖ್ಯೆ ಹೇಳಬೇಕು, ಕೆಲಸ ಹೇಳಬೇಕು: ‘ಸರ್, ತೊಂಬತ್ಮೂರು. ಸ್ಕೋಪ್ ತೆಗೀರಿ, ಮಾಸ್ಕ್.’ ‘ಮೇಡಂ, ಅಲೆ ಇಲ್ಲ. ಟ್ಯೂಬ್ ತೆಗೀರಿ.’ ಇಷ್ಟೇ ಪದ. 93ಕ್ಕೆ ನಿಲ್ಲಿಸುವುದೆಂದು ಔಷಧ ಕೊಡುವ ಮೊದಲೇ ಡಾಕ್ಟರೇ ಎಲ್ಲರ ಮುಂದೆ ಹೇಳಬೇಕು: ‘ತೊಂಬತ್ಮೂರಾದ್ರೆ ನನ್ನನ್ನ ನಿಲ್ಸಿ, ಸಿಸ್ಟರ್.’ ಆ ಅಪ್ಪಣೆ ಸಿಕ್ಕ ಮೇಲೆ ದನಿ ಏಳುತ್ತದೆ. ಬೆರಳಿನ ಪ್ರೋಬ್ ನಿಜಕ್ಕಿಂತ ಅರ್ಧ ನಿಮಿಷವೋ ಒಂದು ನಿಮಿಷವೋ ಹಿಂದಿರುತ್ತದೆ. ಕೈ ತಣ್ಣಗಿದ್ದರೆ, ಬಿಪಿ ಇಲ್ಲದಿದ್ದರೆ ಇನ್ನೂ ಹಿಂದೆ. ಅದಕ್ಕೇ 93, 88 ಅಲ್ಲ.

ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಿ. ಟ್ಯೂಬ್ ಹಾಕುವವರ ಬಲಗೈ ಪಕ್ಕ ಸಹಾಯಕಿ. ಸಕ್ಷನ್, ಬೂಜಿ (ಟ್ಯೂಬ್‌ಗೆ ದಾರಿ ತೋರುವ ಉದ್ದನೆಯ ಬಳುಕುವ ಕಡ್ಡಿ), ಟ್ಯೂಬ್ ಇದೇ ಕ್ರಮದಲ್ಲಿ ಕೈಗೆ ಕೊಡುತ್ತಾಳೆ. ಔಷಧಕ್ಕೆ ಒಬ್ಬರು, ಮಾನಿಟರ್ ಮತ್ತು ಗಡಿಯಾರಕ್ಕೆ ಒಬ್ಬರು, ಬಿದ್ದ ಕೇಸಾದರೆ ಕುತ್ತಿಗೆ ಹಿಡಿಯಲು ಒಬ್ಬರು. ಗ್ರೂಪ್ ಡಿಯವರನ್ನು ಬಾಗಿಲಾಚೆ ನಿಲ್ಲಿಸಬೇಡಿ. ಸಿಲಿಂಡರ್ ಬದಲಿಸುವವರು, ಕಂಬಳಿ ಇಡುವವರು ಅವರೇ. ಕೊಡವ, ಅರೆಭಾಷೆ, ಮಲಯಾಳ, ತಮಿಳು ಎಂದು ಮನೆಮಾತು ಯಾವುದೇ ಇರಲಿ, ತುರ್ತಿನ ಈ ನಾಲ್ಕೈದು ಕರೆಗಳು ಎಲ್ಲರಿಗೂ ಒಂದೇ ಪದದಲ್ಲಿ ಇರಲಿ.

ಗೋಣಿಕೊಪ್ಪ_ಎಂಒ
ಒಂದು ಭಿನ್ನಾಭಿಪ್ರಾಯ ಇಡುತ್ತೇನೆ. ಅರಿವಳಿಕೆ ತಜ್ಞರಿಲ್ಲದ ಕಡೆ ಸ್ನಾಯು ಸಡಿಲಿಸುವ ಔಷಧ ಕೊಡುವುದನ್ನು ಕಲಿಸುವುದೇ ಅಪಾಯವಲ್ಲವೇ? ಮಿಡಜೋಲಮ್ (ನಿದ್ದೆ ಬರಿಸುವ ಔಷಧ) ಕೊಟ್ಟು ನೋಡೋಣ ಎಂಬ ರೂಢಿ ಇದೆ. ವಿಷ ಕುಡಿದವರಿಗೆ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಕೊಡಬಹುದೇ ಎಂಬ ಗೊಂದಲವೂ ಇದೆ.

ಅರಿವಳಿಕೆ_ಮಡಿಕೇರಿ
ಡಾಕ್ಟ್ರೇ, ನಿಮ್ಮ ಆತಂಕ ನ್ಯಾಯವಾದದ್ದೇ. ಆದರೆ ಮಿಡಜೋಲಮ್ ಒಂದನ್ನೇ ಕೊಟ್ಟು ಸ್ಕೋಪ್ ಹಾಕುವುದು ಎಲ್ಲದಕ್ಕಿಂತ ಕೆಟ್ಟ ದಾರಿ. ಉಸಿರು ಕುಗ್ಗುತ್ತದೆ, ಬಿಪಿ ಇಳಿಯುತ್ತದೆ, ದವಡೆ ಮಾತ್ರ ಸಡಿಲವಾಗುವುದಿಲ್ಲ, ಗಂಟಲು ಕೆರಳಿ ವಾಂತಿಯಾಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಈ ರೋಗಿಗೆ ಇಲ್ಲೇ, ಈಗಲೇ ಟ್ಯೂಬ್ ಬೇಕೇ? ಮಾಸ್ಕ್ ಅಥವಾ ಐಜೆಲ್‌ನಲ್ಲಿ (ಗಂಟಲಿನ ಪೆಟ್ಟಿಗೆಯ ಮೇಲೆ ಕೂರುವ ಉಸಿರಿನ ಸಾಧನ) ಆಕ್ಸಿಜನ್ ನಿಲ್ಲುತ್ತದೆ ಎಂದಾದರೆ ತಜ್ಞರು ಬರುವವರೆಗೆ ಹಾಗೇ ಕಾಯ್ದುಕೊಳ್ಳುವುದು ಸೋಲಲ್ಲ, ಸರಿಯಾದ ವೈದ್ಯಕೀಯ. ಟ್ಯೂಬ್ ಬೇಕೇ ಬೇಕು ಎಂದು ನಿರ್ಧರಿಸಿದರೆ ಔಷಧ ಪೂರ್ತಿ ಕೊಡಿ.

ಪ್ರಮಾಣ: ಮಂಪರಿಗೆ ಕೆಟಮಿನ್ ಕೆ.ಜಿ.ಗೆ 1ರಿಂದ 2 ಮಿ.ಗ್ರಾಂ, ಶಾಕ್‌ನಲ್ಲಿದ್ದರೆ (ಬಿಪಿ ಕುಸಿದಿದ್ದರೆ) ಅದರರ್ಧ. ಕೆಟಮಿನ್ ವಯಲ್ ಮಿ.ಲೀ.ಗೆ 10 ಮಿ.ಗ್ರಾಂನದೂ ಬರುತ್ತದೆ, 50ರದೂ ಬರುತ್ತದೆ. ಲೇಬಲ್ ಓದದೆ ಎಳೆದರೆ ಐದು ಪಟ್ಟು ಹೆಚ್ಚಾಗುತ್ತದೆ, ಇಲ್ಲವೇ ಐದನೇ ಒಂದು ಪಾಲಾಗುತ್ತದೆ. ಸ್ನಾಯು ಸಡಿಲಿಸಲು ರೊಕುರೋನಿಯಂ ಕೆ.ಜಿ.ಗೆ 1.2 ಮಿ.ಗ್ರಾಂ, ಶಾಕ್‌ನಲ್ಲೂ ಇದನ್ನು ಕಡಿಮೆ ಮಾಡಬೇಡಿ. 60 ಕೆ.ಜಿ. ಆಳಿಗೆ 72 ಮಿ.ಗ್ರಾಂ ಆಯಿತು. 5 ಮಿ.ಲೀ. ವಯಲ್‌ನಲ್ಲಿ ಇರುವುದು 50. ಟ್ರಾಲಿಯಲ್ಲಿ ಒಂದೇ ವಯಲ್ ಇಟ್ಟಿದ್ದರೆ ಅಷ್ಟನ್ನೇ ಕೊಟ್ಟು, 40 ಸೆಕೆಂಡಿಗೆ ಸ್ಕೋಪ್ ಹಾಕಿ, ಅರ್ಧ ಸಡಿಲಾದ ದವಡೆಯ ಜೊತೆ ಗುದ್ದಾಡಿ ‘ಕಷ್ಟದ ಏರ್‌ವೇ’ ಎಂದು ಬರೆಯುತ್ತಾರೆ. ಫ್ರಿಜ್‌ನಲ್ಲಿ ಎರಡೆರಡು ವಯಲ್ ರಬ್ಬರ್‌ಬ್ಯಾಂಡ್ ಹಾಕಿ ಜೋಡಿಯಾಗಿಡಿ. ಕೊಟ್ಟ ಮೇಲೆ ಗಡಿಯಾರ ನೋಡಿ ಪೂರಾ 60 ಸೆಕೆಂಡು.

ಸಕ್ಸಿನೈಲ್‌ಕೋಲಿನ್ ಕೆ.ಜಿ.ಗೆ 1.5 ಮಿ.ಗ್ರಾಂ. ಆದರೆ ಆರ್ಗನೋಫಾಸ್ಫೇಟ್ (ಒಂದು ಬಗೆಯ ಕೀಟನಾಶಕ) ಕುಡಿದವರಿಗೆ ಬೇಡ. ಆ ಔಷಧವನ್ನು ಒಡೆಯುವ ಕಿಣ್ವವನ್ನೇ ವಿಷ ಕಟ್ಟಿಹಾಕಿರುತ್ತದೆ. ಕೆಲವೇ ನಿಮಿಷದ ಪರಿಣಾಮ ಗಂಟೆಗಟ್ಟಲೆ ಎಳೆಯುತ್ತದೆ. ಮಣ್ಣಿನಡಿ ಗಂಟೆಗಟ್ಟಲೆ ಸಿಕ್ಕಿಕೊಂಡು ಮೈ ಜಜ್ಜಿದವರಿಗೆ, ಹಳೆಯ ಸುಟ್ಟಗಾಯದವರಿಗೆ, ಕಿಡ್ನಿ ಕೆಟ್ಟು ಪೊಟ್ಯಾಶಿಯಂ ಏರಿದವರಿಗೂ ಬೇಡ. ಆ ಪೊಟ್ಯಾಶಿಯಂ ಇನ್ನೂ ಏರಿ ಹೃದಯ ನಿಲ್ಲುತ್ತದೆ.

ಬಿಪಿಗೆ ಸಿರಿಂಜ್ ಮೊದಲೇ ಸಿದ್ಧವಿರಲಿ. 1 ಮಿ.ಗ್ರಾಂ ಅಡ್ರಿನಲಿನ್ ಆಂಪೂಲ್ ಒಂದನ್ನು 100 ಮಿ.ಲೀ. ಸಲೈನ್‌ಗೆ ಬೆರೆಸಿದರೆ ಮಿ.ಲೀ.ಗೆ 10 ಮೈಕ್ರೋಗ್ರಾಂ. ಒಮ್ಮೆಗೆ 1 ಮಿ.ಲೀ., ಬೇಕಾದರೆ ಎರಡು. ಬಾಟಲಿ, ಸಿರಿಂಜ್ ಎರಡಕ್ಕೂ ಕೆಂಪು ಅಕ್ಷರದ ಚೀಟಿ ಹಚ್ಚಿ; ಹೆಸರಿಲ್ಲದ 100 ಮಿ.ಲೀ. ಬಾಟಲಿಯನ್ನು ಯಾರಾದರೂ ಆಂಟಿಬಯೋಟಿಕ್ ಎಂದು ಓಡಿಸಿಬಿಟ್ಟಾರು.

ಐಸಿಯು_ಮೈಸೂರು
ವಿಷದ ಕೇಸಿಗೆ ಇನ್ನೊಂದು. ಟ್ಯೂಬ್‌ಗೆ ಅವಸರ ಪಡುವ ಮೊದಲು ಅಟ್ರೋಪಿನ್ (ಈ ವಿಷಕ್ಕೆ ಮದ್ದು) ಶುರುವಾಗಿದೆಯೇ ನೋಡಿ: 1.8ರಿಂದ 3 ಮಿ.ಗ್ರಾಂ, ಐದು ನಿಮಿಷಕ್ಕೊಮ್ಮೆ ಇಮ್ಮಡಿ, ಎದೆಯ ಗೊರಗೊರ ನಿಂತು ನಾಡಿ 80 ದಾಟುವವರೆಗೆ. ಅರ್ಧಕ್ಕರ್ಧ ಕೇಸುಗಳಲ್ಲಿ ಕೊಡಬೇಕಾದಷ್ಟು ಕೊಟ್ಟೇ ಇರುವುದಿಲ್ಲ ಎಂಬಂತೆ ರೆಫರ್ ಚೀಟಿಗಳು ಕಾಣುತ್ತವೆ. ಒಂದನೇ ದಿನ ಸುಧಾರಿಸಿ, ಎರಡರಿಂದ ನಾಲ್ಕನೇ ದಿನದೊಳಗೆ ಉಸಿರು ಸೋಲುವವರಿದ್ದಾರೆ. ದಿಂಬಿನಿಂದ ತಲೆ ಎತ್ತಿಸಿ ನೋಡಿ. ಎತ್ತಲಾಗದಿದ್ದರೆ ಅದು ಮೊದಲ ಸೂಚನೆ.

ಹಾವಿನಲ್ಲೂ ಅದೇ ಪರೀಕ್ಷೆ: ರೆಪ್ಪೆ ಇಳಿದಿದೆ, ಕುತ್ತಿಗೆ ನಿಲ್ಲುತ್ತಿಲ್ಲ, ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸಲಾಗುತ್ತಿಲ್ಲ ಎಂದರೆ ಟ್ಯೂಬ್ ಸಿದ್ಧಮಾಡಿ. ಕಡಂಬಳ (ಕಟ್ಟುಹಾವು) ಕಚ್ಚಿದವರ ಕಣ್ಣಿನ ಪಾಪೆ ಹಿಗ್ಗಿ ನಿಂತಿದ್ದರೂ ಮೆದುಳು ಎಚ್ಚರವಿರಬಹುದು, ಎಲ್ಲವೂ ಕೇಳಿಸುತ್ತಿರಬಹುದು. ನಿದ್ದೆಯ ಔಷಧ ಕೊಡದೆ ಟ್ಯೂಬ್ ಹಾಕಬೇಡಿ, ಅವರ ತಲೆಯ ಬಳಿ ‘ಮುಗೀತು’ ಎಂಬ ಮಾತು ಬೇಡ. ಹೆಜ್ಜೇನಿನ ಕೇಸಿನಲ್ಲಿ ಮೊದಲು ತೊಡೆಗೆ ಅಡ್ರಿನಲಿನ್ 0.5 ಮಿ.ಗ್ರಾಂ. ಎಷ್ಟೋ ಸಲ ಟ್ಯೂಬ್‌ನ ಮಾತೇ ಬರುವುದಿಲ್ಲ.

ಸಿಸ್ಟರ್_ವಿರಾಜಪೇಟೆ
ಬಾಯಿ ತೆರೆಯದವರ ಬಗ್ಗೆ ಯಾರೂ ಹೇಳಲಿಲ್ಲ. ಅಡಿಕೆ, ಗುಟ್ಕಾ ಜಗಿದು ಕೆನ್ನೆ ಗಟ್ಟಿಯಾದವರು ತೋಟದ ಲೈನ್‌ಮನೆಗಳಿಂದ ಎಷ್ಟೋ ಮಂದಿ ಬರುತ್ತಾರೆ.

ಅರಿವಳಿಕೆ_ಮಡಿಕೇರಿ
ಒಳ್ಳೆಯ ನೆನಪು. ಔಷಧಕ್ಕೆ ಮೊದಲು ರೋಗಿಯದೇ ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಹೋಗುತ್ತದೆಯೇ ನೋಡಿ. ಎರಡೂ ಹೋಗದಿದ್ದರೆ ಸ್ಕೋಪ್ ಹೋಗದು, ಐಜೆಲ್‌ಗೂ ಜಾಗ ಇರದು. ಈ ಬಿಗಿತ ನಾರುಗಟ್ಟಿದ್ದು, ಸ್ನಾಯು ಸಡಿಲಿಸುವ ಔಷಧದಿಂದ ಬಿಡುವುದಿಲ್ಲ. ಉಸಿರಾಡುತ್ತಿದ್ದರೆ ಉಸಿರಾಡಲು ಬಿಡಿ, ಕೂರಿಸಿ ಆಕ್ಸಿಜನ್ ಕೊಟ್ಟು ತಜ್ಞರನ್ನು ಕರೆಸಿ. ಕುತ್ತಿಗೆಯಲ್ಲಿ ಕ್ರೈಕೋಥೈರಾಯ್ಡ್ ಪೊರೆಯ (ಗಂಟಲಿನ ಪೆಟ್ಟಿಗೆಯ ಮುಂದಿನ ತೆಳು ಪೊರೆ) ಜಾಗವನ್ನು ಪೆನ್ನಿನಿಂದ ಗುರುತಿಸಿಡಿ.

ಕುತ್ತಿಗೆಯ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಇದಕ್ಕೆ ಪೂರಾ ಒಂದು ಗಂಟೆ ಕೊಡಿ. ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ ಸಂಘದ 2016ರ ಸೂತ್ರದ ಪ್ರಕಾರ ಟ್ಯೂಬ್‌ಗೆ ಹೆಚ್ಚೆಂದರೆ ಮೂರು ಯತ್ನ, ಐಜೆಲ್‌ನಂಥದ್ದಕ್ಕೆ ಎರಡು, ಕೊನೆಗೊಮ್ಮೆ ಮಾಸ್ಕ್. ಯಾವುದರಲ್ಲೂ ಆಕ್ಸಿಜನ್ ಹೋಗದಿದ್ದರೆ ಕುತ್ತಿಗೆ. ತಾಲ್ಲೂಕು ತಂಡಕ್ಕೆ ನನ್ನ ಸಲಹೆ ಎರಡೇ ಯತ್ನ. ಎರಡನೆಯದರಲ್ಲಿ ಏನಾದರೂ ಬದಲಾಗಿರಲೇಬೇಕು: ತಲೆಯ ಭಂಗಿ, ಬ್ಲೇಡ್, ಬೂಜಿ, ಇಲ್ಲವೇ ಕೈ.

ಸಾಮಾನು ಮೂರೇ, ಒಂದೇ ಪ್ಯಾಕೆಟ್‌ನಲ್ಲಿ: 10ನೇ ನಂಬರ್ ಸ್ಕಾಲ್ಪೆಲ್, ಬೂಜಿ, 6ನೇ ಸೈಜಿನ, ಕಫ್ (ಗಾಳಿ ತುಂಬುವ ಪುಗ್ಗೆ) ಇರುವ ಟ್ಯೂಬ್. ಎಡಗೈಯಲ್ಲಿ ಗಂಟಲಿನ ಪೆಟ್ಟಿಗೆ ಬಿಗಿಯಾಗಿ ಹಿಡಿಯಿರಿ. ಪೊರೆಯ ಮೇಲೆ ಅಡ್ಡವಾಗಿ ಚುಚ್ಚಿ, ಬ್ಲೇಡನ್ನು 90 ಡಿಗ್ರಿ ತಿರುಗಿಸಿ ಹರಿತ ಕಾಲಿನ ಕಡೆಗೆ ಮಾಡಿ. ಬ್ಲೇಡ್‌ಗೆ ತಾಗಿಸಿಕೊಂಡೇ ಬೂಜಿಯ ಬಾಗಿದ ತುದಿ ಒಳಗಿಳಿಸಿ, 10ರಿಂದ 15 ಸೆಂ.ಮೀ. ಆಮೇಲೆ ಬ್ಲೇಡ್ ತೆಗೆದು ಜೆಲ್ಲಿ ಹಚ್ಚಿದ ಟ್ಯೂಬನ್ನು ಬೂಜಿಯ ಮೇಲೆ ತಿರುಗಿಸುತ್ತ ಇಳಿಸಿ. ಕಫ್ ಮರೆಯಾದ ಕೂಡಲೇ ನಿಲ್ಲಿಸಿ, ಇನ್ನೂ ತಳ್ಳಿದರೆ ಬಲ ಶ್ವಾಸಕೋಶಕ್ಕೆ ಇಳಿಯುತ್ತದೆ. ಗುರುತು ಸಿಗದ ದಪ್ಪ ಕುತ್ತಿಗೆಯಾದರೆ ನಡುವೆ 8ರಿಂದ 10 ಸೆಂ.ಮೀ. ಉದ್ದಕ್ಕೆ ಕೊಯ್ದು, ಬೆರಳಿಂದ ಬಿಡಿಸಿ ಹುಡುಕಿ. ಕಲಿಯುವವರು ಎಡವುವುದು ಒಂದೇ ಕಡೆ: ಬೂಜಿ ಇಳಿಯುವ ಮೊದಲೇ ಬ್ಲೇಡ್ ತೆಗೆಯುತ್ತಾರೆ, ತೂತು ಮುಚ್ಚಿಕೊಳ್ಳುತ್ತದೆ, ಬೂಜಿ ಚರ್ಮದಡಿಯಲ್ಲೇ ಜಾರುತ್ತದೆ. ಉಂಗುರಗಳ ಟಕಟಕ ಕೈಗೆ ಸಿಗದೆ ನಾಲ್ಕೈದು ಸೆಂ.ಮೀ.ಗೇ ನಿಂತರೆ ದಾರಿ ತಪ್ಪಿದೆ.

ಅಭ್ಯಾಸಕ್ಕೆ ಪ್ಲಾಸ್ಟಿಕ್ ಮಾದರಿಗಿಂತ ಹಂದಿಯ ಗಂಟಲು ವಾಸಿ, ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ. ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿ: ನಾಲಿಗೆಯ ಬುಡದಿಂದ ಒಂದು ಗೇಣು ಶ್ವಾಸನಾಳ ಸೇರಿಸಿ ಇಡಿಯಾಗಿ ಬೇಕು ಎಂದು. ಹೇಳದಿದ್ದರೆ ಪೆಟ್ಟಿಗೆಯ ನಡುವೆಯೇ ಕತ್ತರಿಸಿರುತ್ತಾರೆ. ಹಲಗೆಗೆ ಮೊಳೆ ಹೊಡೆದು ಕೂರಿಸಿ, ಮೇಲೆ ಎರಡು ಪದರ ಅಂಟುವ ಬ್ಯಾಂಡೇಜು, ನಡುವೆ ಕೆಂಪು ನೀರು ತುಂಬಿದ ಕೈಗವಸಿನ ಬೆರಳು. ಚುಚ್ಚಿದೊಡನೆ ‘ರಕ್ತ’ ಚಿಮ್ಮುತ್ತದೆ, ಏನೂ ಕಾಣುವುದಿಲ್ಲ. ನಿಜದಲ್ಲೂ ಹಾಗೇ, ಬೆರಳೇ ಕಣ್ಣಾಗಬೇಕು. ಆ ಸ್ಕಾಲ್ಪೆಲ್, ಬೂಜಿ, ಟ್ಯೂಬ್ ಮತ್ತೆ ವಾರ್ಡಿಗೆ ಹೋಗಬಾರದು; ಹಲಗೆ ಕ್ಯಾಶುಯಾಲ್ಟಿಯೊಳಗೆ ಬರಬಾರದು.

ಕ್ಯಾಶುಯಾಲ್ಟಿ_ಸೋಮವಾರಪೇಟೆ
ತಂಡದಲ್ಲಿ ಹಂದಿ ಮುಟ್ಟದವರಿದ್ದಾರೆ.

ಅರಿವಳಿಕೆ_ಮಡಿಕೇರಿ
ಹಾಗಿದ್ದರೆ ಎಲ್ಲರಿಗೂ ಕುರಿಯದೇ ತನ್ನಿ, ಯಾರನ್ನೂ ಬೇರೆ ಮೇಜಿಗೆ ಕಳಿಸಬೇಡಿ. ದೊಡ್ಡ ಕುರಿ ಆರಿಸಿ. ಚಿಕ್ಕದರಲ್ಲಿ 6ರ ಟ್ಯೂಬ್ ಬಿಗಿಯಾಗಬಹುದು. ಅದೂ ಒಲ್ಲದವರು ಸಹೋದ್ಯೋಗಿಗಳ ಕುತ್ತಿಗೆಯಲ್ಲಿ ಪೊರೆ ಹುಡುಕಿ ಪೆನ್ನಿನಿಂದ ಗುರುತು ಹಾಕುವ ಅಭ್ಯಾಸ ಮಾಡಲಿ. ಹೆಂಗಸರ ಕುತ್ತಿಗೆಯಲ್ಲಿ ಹುಡುಕಿಸಿ, ಅಲ್ಲೇ ತಪ್ಪು ಹೆಚ್ಚು.

ಘಾಟಿ_ಆಂಬುಲೆನ್ಸ್
ಟ್ಯೂಬ್ ಹಾಕಿದ ಮೇಲಿನ ಮೂರು ಗಂಟೆ ನಮ್ಮದು. ಅದನ್ನೂ ತರಬೇತಿಯಲ್ಲಿ ಸೇರಿಸಿ.

ಆಕ್ಸಿಜನ್ ಲೆಕ್ಕ: ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1,500 ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ 150 ನಿಮಿಷ. ಮಡಿಕೇರಿಯಿಂದ ಮೈಸೂರಿಗೆ 120 ಕಿ.ಮೀ. ಚಿಲ್ಲರೆ, ಮಳೆಯಲ್ಲಿ ಮೂರು ಗಂಟೆ ಎಂದಿಟ್ಟುಕೊಳ್ಳಿ: 1,800 ಲೀಟರ್. ದಾರಿಯಲ್ಲಿ ಮರ ಬಿದ್ದರೆ ಎಂದು ಅರ್ಧದಷ್ಟು ಹೆಚ್ಚುವರಿ ಸೇರಿಸಿದರೆ 2,700. ಎರಡು ತುಂಬಿದ ಸಿಲಿಂಡರ್ ಬೇಕು. ಗೇಜ್ ಅರ್ಧ ತೋರಿಸಿದರೆ ಅದನ್ನು ಅರ್ಧ ಸಿಲಿಂಡರ್ ಎಂದೇ ಎಣಿಸಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಂಗಳೂರು ದಾರಿಯೇ ಮುಚ್ಚಿದ್ದು ಯಾರೂ ಮರೆತಿಲ್ಲ. ಹೊರಡುವ ಮೊದಲು ದಾರಿ ಕೇಳಿ.

ಟ್ಯೂಬ್ ಹಲ್ಲಿನ ಬಳಿ ಎಷ್ಟು ಸೆಂ.ಮೀ. ಎಂದು ಚೀಟಿಯಲ್ಲೂ ಬರೆಯಿರಿ, ಟೇಪಿನ ಮೇಲೂ ಬರೆಯಿರಿ. ಸಾಮಾನ್ಯವಾಗಿ ಹೆಂಗಸರಿಗೆ 21, ಗಂಡಸರಿಗೆ 23, ಗಿಡ್ಡ ಮೈಯವರಿಗೆ ಒಂದು ಕಮ್ಮಿ. ಬೆವರು, ಜೊಲ್ಲು ಇರುವ ಮುಖಕ್ಕೆ ಪ್ಲಾಸ್ಟರ್ ಹಿಡಿಯದು, ಬಟ್ಟೆಯ ಪಟ್ಟಿಯಿಂದ ಕಟ್ಟಿ. ಗದ್ದ ಎದೆಗೆ ಬಾಗಿದರೆ ಟ್ಯೂಬ್ ಒಳಕ್ಕೆ, ಹಿಂದಕ್ಕೆ ವಾಲಿದರೆ ಹೊರಕ್ಕೆ; ತಿರುವುಗಳಲ್ಲಿ ತಲೆ ಅಲ್ಲಾಡದಂತೆ ಎರಡೂ ಕಡೆ ಕಂಬಳಿಯ ಸುರುಳಿ ಇಡಿ. ಸ್ಟ್ರೆಚರ್ ಏರಿಸಿ ಇಳಿಸುವಾಗ ಬ್ಯಾಗನ್ನು ಟ್ಯೂಬ್‌ನಿಂದ ಬಿಡಿಸಿ ಎತ್ತಿ, ಮತ್ತೆ ಜೋಡಿಸಿ.

ಸಂಪಾಜೆ ಘಾಟಿ ಇಳಿಯುವಾಗ ಇನ್ನೊಂದು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರ. ಕಡಲ ಮಟ್ಟಕ್ಕೆ ಬರುವಷ್ಟರಲ್ಲಿ ಹೊರಗಿನ ಗಾಳಿಯ ಒತ್ತಡ ಏರಿ ಕಫ್‌ನೊಳಗಿನ ಗಾಳಿ ಕುಗ್ಗುತ್ತದೆ. ಮೇಲೆ ಸರಿಯಿದ್ದ ಕಫ್ ಕೆಳಗೆ ಸೋರಬಹುದು, ಜೊಲ್ಲು ಒಳಗಿಳಿಯಬಹುದು. ಸುಳ್ಯದಲ್ಲಿ ನಿಲ್ಲಿಸಿ ಒತ್ತಡ ಮತ್ತೆ ನೋಡಿ, 20ರಿಂದ 30 ಸೆಂ.ಮೀ. ನೀರಿನಷ್ಟು ಇರಬೇಕು.

ದಾರಿಯಲ್ಲಿ ಸ್ಯಾಚುರೇಶನ್ ಇಳಿದರೆ ಕ್ರಮ ಒಂದೇ: ವೆಂಟಿಲೇಟರ್ ಬಿಡಿಸಿ ಬ್ಯಾಗ್ ಹಾಕಿ, ಟ್ಯೂಬ್ ಸರಿದಿದೆಯೇ, ಕಟ್ಟಿದೆಯೇ, ಎದೆಯಲ್ಲಿ ಗಾಳಿ ತುಂಬಿದೆಯೇ, ಸಿಲಿಂಡರ್ ಖಾಲಿಯೇ. ರೊಕುರೋನಿಯಂ ಮುಕ್ಕಾಲು ಗಂಟೆಗೂ ಹೆಚ್ಚು ಹಿಡಿಯುತ್ತದೆ, ಕೆಟಮಿನ್ ಹತ್ತಿಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ನಡುವಿನ ಹೊತ್ತು ರೋಗಿಗೆ ಎಚ್ಚರ, ಬೆರಳೂ ಆಡದು. ನಾಡಿ ಏರಿ ಕಣ್ಣಲ್ಲಿ ನೀರು ಕಂಡರೆ ಅದೇ. ನಿದ್ದೆಯ ಔಷಧ ಹೆಸರು ಬರೆದ ಸಿರಿಂಜ್‌ನಲ್ಲಿ, ಎಷ್ಟು ಹೊತ್ತಿಗೆ ಎಷ್ಟು ಎಂಬ ಆದೇಶದ ಸಮೇತ ಜೊತೆಗೆ ಬರುವ ಸಿಸ್ಟರ್ ಕೈಯಲ್ಲಿರಲಿ.

ಗೋಣಿಕೊಪ್ಪ_ಎಂಒ
ಎತ್ತರದ ಕಾರಣ ಮಡಿಕೇರಿಯಲ್ಲಿ ಸ್ಯಾಚುರೇಶನ್ ಬೇಗ ಇಳಿಯುತ್ತದೆಯೇ?

ಐಸಿಯು_ಮೈಸೂರು
ಲೆಕ್ಕಕ್ಕೆ ಬರುವಷ್ಟಿಲ್ಲ. ಆರೋಗ್ಯವಂತರ ಓದು ಅಲ್ಲೂ 96ರ ಮೇಲೆಯೇ ಇರುತ್ತದೆ. 90 ತೋರಿಸಿದರೆ ಎತ್ತರದ ಮೇಲೆ ಹಾಕಬೇಡಿ, ರೋಗಿಯನ್ನು ನೋಡಿ.

ಕ್ಯಾಶುಯಾಲ್ಟಿ_ಸೋಮವಾರಪೇಟೆ
ಎಲ್ಲರ ಮಾತು ಸೇರಿಸಿ ಹೀಗೆ ಮಾಡಿಕೊಂಡಿದ್ದೇವೆ. ಮೊದಲು ಆಂಬು ಬ್ಯಾಗ್ ಬಿಚ್ಚಿ ಜೋಡಿಸಿ, ಇಬ್ಬರು ಸೇರಿ ಮಾಸ್ಕ್ ಹಿಡಿಯುವುದು, ಐಜೆಲ್. ಆಮೇಲೆ ಬೂಜಿಯೊಂದಿಗೆ ಟ್ಯೂಬ್, ಡಾಕ್ಟರರಿಗೆ ಮಾತ್ರ. ಸಿಸ್ಟರ್‌ಗಳು ಅದೇ ಹೊತ್ತಿಗೆ ಔಷಧ ಎಳೆಯುವುದು, ಕರೆ ಕೊಡುವುದು. ಊಟಕ್ಕೆ ಮುಂಚೆ ಕುರಿಯ ಗಂಟಲು. ಕೊನೆಯ ಮುಕ್ಕಾಲು ಗಂಟೆ ನಿಜವಾದ ಕ್ಯಾಶುಯಾಲ್ಟಿಯಲ್ಲೇ, ನಮ್ಮದೇ ಟ್ರಾಲಿಯಲ್ಲಿ, ಕರೆಂಟ್ ತೆಗೆದು ಒಂದು ವಿಷದ ಕೇಸು. ವಾಂತಿಗೆ ಏನು ಬಳಸುವುದು?

ಸಿಸ್ಟರ್_ವಿರಾಜಪೇಟೆ
ಅಕ್ಕಿ ಗಂಜಿ, ಅನ್ನದ ಅಗುಳು ಸಮೇತ. ತೆಳ್ಳಗಿನ ಸಕ್ಷನ್ ಕ್ಯಾತಿಟರ್ ಒಂದೇ ಅಗುಳಿಗೆ ಕಟ್ಟಿಕೊಳ್ಳುವುದನ್ನು ಎಲ್ಲರೂ ಕಣ್ಣಾರೆ ನೋಡಲಿ. ಅಗಲ ಬಾಯಿಯ ಗಟ್ಟಿ ಯಾಂಕಾರ್ ಸಕ್ಷನ್ ತುದಿ ಏಕೆ ಬೇಕೆಂದು ಆಮೇಲೆ ಹೇಳಬೇಕಾಗಿಲ್ಲ. ಮೊದಲು ಸಕ್ಷನ್ ತುದಿ, ಅದರ ಹಿಂದೆ ಬ್ಲೇಡ್. ಬಾಯಿ ಬರಿದಾದ ಮೇಲೆ ಸಕ್ಷನ್ ಹೊರಗೆ ತೆಗೆಯದೆ ಬ್ಲೇಡ್‌ನ ಎಡಕ್ಕೆ ಸರಿಸಿ, ಅನ್ನನಾಳದ ಬಾಯಲ್ಲೇ ಬಿಟ್ಟು ಟ್ಯೂಬ್ ಹಾಕಿ.

ಉಪಕರಣ_ಕುಶಾಲನಗರ
ಗಂಜಿ ಹಾಕುವ ಮೊದಲು ಮ್ಯಾನಿಕಿನ್‌ನ ಶ್ವಾಸಕೋಶದ ಚೀಲಗಳನ್ನು ಬಿಚ್ಚಿ ತೆಗೆದಿಡಿ. ಅಭ್ಯಾಸದ ಹೊತ್ತಿನಲ್ಲಿ ಜೆಲ್ಲಿ ಹಚ್ಚಬೇಡಿ, ಒಣಗಿ ಅಂಟಾಗುತ್ತದೆ. ಮ್ಯಾನಿಕಿನ್ ಜೊತೆ ಬರುವ ಸಿಲಿಕೋನ್ ಸ್ಪ್ರೇ ಸಾಕು. ಮುಗಿದ ಸಂಜೆಯೇ ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು, ಬಾಯಿ ಕೆಳಗೆ ಮಾಡಿ ಫ್ಯಾನ್ ಅಡಿ ಒಣಗಿಸಿ. ಮಳೆ ಶುರುವಾದರೆ ಒಂದೇ ರಾತ್ರಿಗೆ ಗಂಟಲೊಳಗೆ ಬೂಸ್ಟು ಹಿಡಿಯುತ್ತದೆ.